ಗಾದಿಗನೂರಿನ ಹತ್ತಿರ ತಡೆದುಕೊಂಡದ್ದು

ಕಾಯಿಲೆ ಬರುವುದಾದರೆ ಹೇಳಿಕೊಳ್ಳುವಂಥ ಜಾಗಕ್ಕೆ ಬರಬೇಕು. ಹೃದಯಕ್ಕೆ ಬಂದರೆ ಜನ ಎದ್ದು ಕುರ್ಚಿ ಕೊಡುತ್ತಾರೆ. ನನಗೆ ಬಂದದ್ದು ಗುದನಾಳದ ಕ್ಯಾನ್ಸರು. ಕುರ್ಚಿ ಕೊಟ್ಟರೂ ಕೂರುವುದು ಕಷ್ಟ. ಹೊಸಪೇಟೆಯ ನನ್ನ ಸೀರೆ ಅಂಗಡಿಗೆ ಬಂದವರು ಏನಾಯಿತೆಂದು ಕೇಳಿದರೆ, “ಹೊಟ್ಟ್ಯಾಗ ಸ್ವಲ್ಪ ತ್ರಾಸು” ಎಂದು ಬೇಗ ಒಂದು ಹೊಸ ಸೀರೆಯ ಸೆರಗು ಬಿಡಿಸಿ ತೋರಿಸುತ್ತಿದ್ದೆ.

ಬಳ್ಳಾರಿಯ ಡಾಕ್ಟರಮ್ಮನಿಗೆ, “ಇದನ್ನ ಈಗಲೇ ಕೊಯ್ದು ಒಗೀರಿ” ಅಂದೆ.

“ಗಡ್ಡಿ ಭಾಳ ಕೆಳಗೈತ್ರಿ. ಈಗ ಕೊಯ್ದ್ರ ಮಲದ್ವಾರನೂ ಹೋಗತೈತಿ, ಜೀವನಪೂರ್ತಿ ಹೊಟ್ಟಿ ಮ್ಯಾಲೆ ಚೀಲ. ಮೊದ್ಲ ರೇಡಿಯೇಷನ್, ಜೋಡಿಗೇ ಕೀಮೋ ಗುಳಿಗಿ. ಕುಗ್ಗಿದ ಮ್ಯಾಲೆ ಆಪರೇಷನ್ ಮಾಡಿದ್ರ ಮಲದ್ವಾರ ಉಳಿಸಬಹುದು. ಗ್ಯಾರಂಟಿ ಕೊಡಂಗಿಲ್ಲ.”

ನಾನು ಯೋಚಿಸುತ್ತಿದ್ದೆ. ಹೆಂಡತಿ ಗಿರಿಜೆ ಯೋಚಿಸಲಿಲ್ಲ. “ನಾಳೆನ ಸುರು ಮಾಡ್ರಿ” ಅಂದಳು.

ರೇಡಿಯೇಷನ್‌ಗೆ ಒಂದು ನಿಯಮವಿತ್ತು. ಸಣ್ಣ ಕರುಳಿಗೆ ಕಿರಣ ತಾಗದಂತೆ ಮೂತ್ರಚೀಲ ತುಂಬಿರಬೇಕು. ಆಸ್ಪತ್ರೆಗೆ ಬಂದ ಮೇಲೆ ನೀರು ಕುಡಿಯಿರಿ ಎಂದಿದ್ದರು. ವ್ಯಾಪಾರಿ ಬುದ್ಧಿಯ ನಾನು, ಹೊತ್ತು ಉಳಿಯಲೆಂದು ಒಂದು ದಿನ ಬಳ್ಳಾರಿಯ ದಾರಿಯಲ್ಲಿ ಕಾರಿನಲ್ಲೇ ಗಟಗಟ ಕುಡಿದೆ. ಆಗ ಗಣಿಯ ಕಾಲ. ಸಂಡೂರಿನ ಗುಡ್ಡಗಳೇ ಲಾರಿ ಹತ್ತಿ ಹೊರಟಂತಿದ್ದವು. ಗಾದಿಗನೂರಿನ ಹತ್ತಿರ ಅದಿರು ಲಾರಿಗಳ ಸಾಲು ನಿಂತಿತ್ತು. ನಮ್ಮ ಕಾರೂ ನಿಂತಿತು. ನನ್ನೊಳಗಿನದು ಮಾತ್ರ ನಿಲ್ಲಲು ಒಪ್ಪುತ್ತಿರಲಿಲ್ಲ.

“ಇಳೀತೀರೇನ್ರಿ ಸಾವ್ಕಾರ್ರ?” ಅಂದ ಡ್ರೈವರ್ ರಸೂಲ್.

“ಬ್ಯಾಡಪ್ಪ, ತುಂಬಿರಬೇಕಂತ” ಅಂದೆ, ಹಲ್ಲು ಕಚ್ಚಿ.

ಗಿರಿಜೆ ಇಳಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಂಪು ಧೂಳಿನ ನಡುವೆ ನಿಂತು ಕೂಗಿದಳು: “ನಮ್ಮನಿಯವ್ರಿಗೆ ಕುಂಡಿ ಕ್ಯಾನ್ಸರ್ ಐತ್ರಪ್ಪೋ! ಒಂದಕ್ಕ ತಡಕೊಂಡು ಕುಂತಾರ, ದಾರಿ ಬಿಡ್ರೀ!”

ಸೀಟಿನ ಕೆಳಗೆ ಜಾಗವಿದ್ದರೆ ಅಡಗುತ್ತಿದ್ದೆ. ಸುದ್ದಿ ಲಾರಿಯಿಂದ ಲಾರಿಗೆ ದಾಟಿತು. ತೆಲುಗಿನಲ್ಲಿ, ಹಿಂದಿಯಲ್ಲಿ, ಅಲ್ಲಲ್ಲಿ ಕೈಸನ್ನೆಯಲ್ಲಿ. “ಪಾಪಂ, ಪಾಪಂ” ಎನ್ನುತ್ತ ಡ್ರೈವರುಗಳು ಒಂದೊಂದೇ ಗಾಡಿಯನ್ನು ಪಕ್ಕಕ್ಕೆ ಸರಿಸಿದರು. ಮಂತ್ರಿಗಳ ಕಾರಿಗೂ ಸಿಗದ ದಾರಿ ನಮಗೆ ಸಿಕ್ಕಿತು. ಅಂದಿನ ಚಿಕಿತ್ಸೆ ತಪ್ಪಲಿಲ್ಲ. ವಾರದೊಳಗೆ ಅದೇ ದಾರಿಯ ಕುರೆಕುಪ್ಪದ ಗಿರಾಕಿಗಳೂ ಅಂಗಡಿಗೆ ಬಂದು, “ಅಲ್ಲಿ ಈಗ ಹೆಂಗೈತ್ರಿ?” ಎಂದು ನೇರವಾಗಿ ಕೇಳತೊಡಗಿದರು. ಮುಚ್ಚಿಡಲು ಏನೂ ಉಳಿಯದಿದ್ದಾಗ ಉಸಿರಾಟ ಎಷ್ಟು ಸಲೀಸೆಂದು ತಿಳಿಯಿತು.

ಚಿಕಿತ್ಸೆ ಸುಲಭದ್ದೇನಲ್ಲ. ಉರಿ, ಭೇದಿ, ಎರಡು ಮೆಟ್ಟಿಲು ಹತ್ತಿದರೆ ಸುಸ್ತು. ಬೆಚ್ಚಗಿನ ನೀರಿನ ಟಬ್ಬೇ ಸಿಂಹಾಸನವಾಯಿತು. ಮುಗಿದು ಕೆಲವು ವಾರಗಳಾದ ಮೇಲೆ ಸ್ಕ್ಯಾನ್ ನೋಡಿ ಡಾಕ್ಟರಮ್ಮ ನಕ್ಕರು. ಗಡ್ಡೆ ಕುಗ್ಗಿತ್ತು. ಆಪರೇಷನ್ ಆಯಿತು. ಹೊಲಿಗೆ ಮಾಯುವವರೆಗೆ ಕೆಲವು ತಿಂಗಳು ಚೀಲವಿತ್ತು, ಆಮೇಲೆ ಅದೂ ಹೋಯಿತು. ಗಿರಿಜೆ ಆ ದಿನ ದೇವರಿಗೆ ಕಾಯಿ ಒಡೆಸಿ, ನನಗೆ ಅನ್ನ ಮಜ್ಜಿಗೆ ಕೊಟ್ಟು, ತಾನು ಮಿರ್ಚಿಭಜಿ ತಿಂದಳು.

ಈಚೆಗೆ ಸಂಡೂರಿನ ಮದುವೆಯೊಂದರಲ್ಲಿ ಪಕ್ಕದ ಎಲೆಯ ಹಿರಿಯರು, “ಮೂಲವ್ಯಾಧಿ ಐತಿ, ಖಾರ ಬ್ಯಾಡ” ಅಂದರು. “ರಕ್ತ ಹೋಗತೈತೇನ್ರಿ? ಡಾಕ್ಟರಿಗೆ ತೋರಿಸ್ರಿ ಜಲ್ದಿ” ಎಂದು ಶುರುಮಾಡಿ, ಇಡೀ ಪಂಕ್ತಿ ಊಟ ನಿಲ್ಲಿಸಿ ಕೇಳುವಂತೆ ನನ್ನ ಚರಿತ್ರೆಯನ್ನು ರೇಡಿಯೇಷನ್‌ವರೆಗೆ ತಂದಿದ್ದೆ. ಎದುರಿನಿಂದ ಗಿರಿಜೆ, “ಪಾಪ, ಅವರು ಹೋಳಿಗಿ ತಿನ್ನಲಿ ಬಿಡ್ರಿ” ಅಂದಳು.

ಹಿರಿಯರು ಮುಂದಿನ ವಾರವೇ ಪರೀಕ್ಷೆ ಮಾಡಿಸಿಕೊಂಡು ಅಂಗಡಿಗೆ ಬಂದರು. “ಏನೂ ಇಲ್ಲಂತ್ರಿ, ಬರೇ ಮೂಲವ್ಯಾಧಿ!” ಎಂದು ಕೈ ಹಿಡಿದುಕೊಂಡರು. ನನಗೂ ಭಾಳ ಖುಷಿಯಾಯಿತು. ಆದರೆ ಆಪರೇಷನ್ನಿನ ಭಾಗ ಹೇಳುವುದು ಹಾಗೇ ಉಳಿಯಿತಲ್ಲ ಎಂದು, ನಿಜ ಹೇಳಬೇಕೆಂದರೆ, ಒಂದಿಷ್ಟು ಬೇಜಾರೂ ಆಯಿತು.