ಬಿಳಿ ಕ್ಯಾನಿನ ತೀರ್ಪು

ಗುರುವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕಾಂತರಾಜ್ ಮಾಲೂರಿನ ತನ್ನ ಮನೆಯ ಬಚ್ಚಲ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಮೂರು ಬಿಳಿ ಕ್ಯಾನುಗಳ ಮೇಲೆ ಹೆಸರಿನ ಚೀಟಿ ಅಂಟಿಸುತ್ತಿದ್ದ. ಒಂದು ತನ್ನದು, ಒಂದು ಹೆಂಡತಿ ಗಂಗಾಲಕ್ಷ್ಮಿಯದು, ಇನ್ನೊಂದು ತಾಯಿ ಮುನಿಶಾಮಮ್ಮನದು. ನಾಳೆ ಇದೇ ಹೊತ್ತಿನವರೆಗೆ ಮೂವರ ಮೂತ್ರವೂ ಹನಿ ಹೊರಚೆಲ್ಲದೆ ಅವರವರ ಕ್ಯಾನಿಗೇ ಸೇರಬೇಕು. ಎಷ್ಟು ಉಪ್ಪು ತಿಂದೆವೆಂದು ಬಾಯಿ ಸುಳ್ಳು ಹೇಳೀತು, ಕ್ಯಾನು ಹೇಳದು ಎಂಬುದು ಅವನು ಕೆಲಸ ಮಾಡುವ ಸಂಸ್ಥೆಯ ಸಿದ್ಧಾಂತ.

ಬಡದೇಶಗಳಲ್ಲಿ ಬಿ.ಪಿ., ಸಕ್ಕರೆ ಕಾಯಿಲೆಗಳು ಯಾಕೆ ಹೆಚ್ಚುತ್ತಿವೆ ಎಂದು ಸಂಶೋಧಿಸುವ ಸಂಸ್ಥೆ ಅದು. ಲಾಭದ ಉದ್ದೇಶವಿಲ್ಲದ್ದು (ಸಂಬಳದ ದಿನ ಈ ಮಾತಿನಲ್ಲಿ ಯಾರಿಗೂ ಸಂಶಯ ಉಳಿಯುತ್ತಿರಲಿಲ್ಲ). ಲಕ್ಕೂರು ಕಡೆಯ ಮನೆಗಳಿಗೆ ಹೋಗಿ ಬಿ.ಪಿ. ನೋಡುವುದು, ಉಪ್ಪು ಕಡಿಮೆ ಮಾಡಿಸುವುದು ಕಾಂತರಾಜನ ಕೆಲಸ. ಊರವರ ಕೈಗೆ ಕ್ಯಾನು ಕೊಡುವ ಮೊದಲು ಸಿಬ್ಬಂದಿಯ ಮನೆಯವರೇ ಒಮ್ಮೆ ಹಿಡಿದು ನೋಡಲಿ ಎಂದು ಮೇಲಿನಿಂದ ಆದೇಶವಾಗಿತ್ತು.

ಉಳಿದ ಸಿಬ್ಬಂದಿಗೆ ಅದು ಮುಜುಗರ, ಕಾಂತರಾಜನಿಗೆ ವರ. ಯುಗಾದಿಯಿಂದ ಅವನು ಮನೆಯ ಉಪ್ಪಿನ ಡಬ್ಬಿಯನ್ನು ತನ್ನ ಬೀರುವಿನಲ್ಲಿಟ್ಟು ಬೀಗ ಜಡಿದು, ದಿನದ ಪಡಿಯನ್ನು ಚಮಚದಲ್ಲಿ ಅಳೆದು ಕೊಡುತ್ತಿದ್ದ. ಆದರೂ ಅವನ ಬಿ.ಪಿ. ಮಾತ್ರ ತಿಂಗಳಿಂದ ತಿಂಗಳಿಗೆ ಏರುತ್ತಲೇ ಇತ್ತು. ವಿಜ್ಞಾನದ ಪ್ರಕಾರ ಇದಕ್ಕೆ ಒಂದೇ ವಿವರಣೆ: ಗಂಗಾಲಕ್ಷ್ಮಿ ಅಂಗಡಿಯಿಂದ ಗುಟ್ಟಾಗಿ ಉಪ್ಪು ತರಿಸಿ ಹಾಕುತ್ತಿದ್ದಾಳೆ. ಹಾಗೆಂದು ಅವಳ ಮುಖಕ್ಕೇ ಹೇಳಿಯೂ ಆಗಿತ್ತು.

ತಾಯಿಯದು ಬೇರೆಯೇ ದೂರು. "ಏಮಿರಾ, ಉಪ್ಸಾರು ಅಂತ ಹೆಸರು, ಉಪ್ಪೇ ಇಲ್ಲ. ಮುದ್ದೆ ನುಂಗೋದು ಹೆಂಗೆ, ನಿನ್ ಭಾಷಣ ನೆಂಚ್ಕೊಂಡಾ?"

ಗಂಗಾಲಕ್ಷ್ಮಿ ವಾದಿಸಲಿಲ್ಲ. ತನ್ನ ಹೆಸರಿನ ಕ್ಯಾನನ್ನು ಎತ್ತಿಕೊಂಡು ಶಾಂತವಾಗಿ ಹೇಳಿದಳು: "ಲೆಕ್ಕ ಬರ್ಲಿ ಬಿಡಿ. ನಾನು ಕದ್ದು ಹಾಕಿದ್ರೆ ಸಾಯೋ ತನಕ ಸಪ್ಪೆ ತಿಂತೀನಿ. ಹಾಕಿಲ್ಲ ಅಂದ್ರೆ ಡಬ್ಬಿ ನನ್ ಕೈಗೆ, ಬೀಗದ ಕೈ ಸಮೇತ."

ಕಾಂತರಾಜ್ ಒಪ್ಪಿದ. ನ್ಯಾಯ ತನ್ನ ಕಡೆಗಿದೆಯೆಂಬ ಧೈರ್ಯದಲ್ಲಿ ತನ್ನ ಕ್ಯಾನನ್ನು ಬೈಕಿಗೆ ಕಟ್ಟಿಕೊಂಡು ಎಂದಿನಂತೆ ಲಕ್ಕೂರಿಗೆ ಹೊರಟ. ಮುನಿಶಾಮಮ್ಮನಿಗೆ ಅದೇ ದಿನ ಹಿಂದಿನ ಬೀದಿಯಲ್ಲೊಂದು ನಾಮಕರಣವಿತ್ತು. ವಿಜ್ಞಾನಕ್ಕೆ ಭಂಗ ಬಾರದಿರಲೆಂದು ಕ್ಯಾನನ್ನೂ ಜೊತೆಗೆ ಒಯ್ದಳು. ವಾಪಸ್ಸು ಬರುವಾಗ ಪಕ್ಕದ ಮನೆಯ ವೆಂಕಟರತ್ನಮ್ಮ ಅಡ್ಡ ನಿಂತು, ಹಸು ಕಟ್ಟಿದ್ದೀರಾ, ನಮಗೂ ದಿನಾ ಅರ್ಧ ಲೀಟರ್ ಹಾಲು ವರ್ತನೆ ಹಾಕಿ ಎಂದು ಕೇಳಿದಳಂತೆ.

ಕೆಲವು ದಿನಗಳ ಮೇಲೆ ಲೆಕ್ಕ ಬಂತು. ತಂದವಳು ಶ್ವೇತ, ಸಂಸ್ಥೆಯ ಪರವಾಗಿ ಮನೆಮನೆಯಲ್ಲಿ ಪ್ರಶ್ನೆ ಕೇಳುವ ಹುಡುಗಿ. ಜಗಲಿಯ ಮೇಲೆ ಕೂತು ಓದಿದಳು. ಗಂಗಾಲಕ್ಷ್ಮಿ, ದಿನಕ್ಕೆ ಆರು ಗ್ರಾಂ ಉಪ್ಪು. ಮುನಿಶಾಮಮ್ಮ, ಐದೂವರೆ. ಕಾಂತರಾಜ್, ಹದಿನೇಳು.

ಒಂದೇ ಪಾತ್ರೆ, ಒಂದೇ ಸಾರು. ಕಾಂತರಾಜ್ ಮೊದಲು ಪ್ರಯೋಗಾಲಯವನ್ನು ಶಂಕಿಸಿದ. ಆಮೇಲೆ ಚೀಟಿಗಳು ಅದಲುಬದಲಾಗಿವೆಯೆಂದ (ಅಂಟಿಸಿದ್ದು ತಾನೇ ಎಂದು ನೆನಪಾಗಿ ಕೈಬಿಟ್ಟ). ಕೊನೆಗೆ ತನ್ನ ಮೂತ್ರಪಿಂಡಗಳು ಅಗತ್ಯಕ್ಕಿಂತ ಪ್ರಾಮಾಣಿಕವಾಗಿರಬಹುದು ಎಂಬಲ್ಲಿಗೆ ಬಂದು ನಿಂತ.

ಅಷ್ಟರಲ್ಲಿ ಲಕ್ಕೂರಿನ ದೊಡ್ಡಗಂಗಮ್ಮ ಗೇಟು ತೆಗೆದು ಬಂದಳು. ಕಾಂತರಾಜನ ಮಾತನ್ನು ಆ ಊರಲ್ಲಿ ಮೊಟ್ಟಮೊದಲು ಕೇಳಿದವಳು. ಮಾಲೂರಿಗೆ ಏನೋ ಕೆಲಸಕ್ಕೆ ಬಂದಿದ್ದಳಂತೆ. ಕಂಕುಳಲ್ಲಿದ್ದ ಭರಣಿಯನ್ನು ಗಂಗಾಲಕ್ಷ್ಮಿಯ ಮುಂದಿಟ್ಟು ಹೆಮ್ಮೆಯಿಂದ ಹೇಳಿದಳು:

"ಸಾರ್ ಹೇಳಿದ್ಮೇಲೆ ನಮ್ಮೂರಲ್ಲಿ ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿ ಎಲ್ಲಾ ಬಿಟ್ಬುಟ್ವಮ್ಮ. ಆದ್ರೆ ಮಾಡಿಟ್ಟಿದ್ದನ್ನ ತಿಪ್ಪೆಗೆ ಹಾಕೋಕಾಗ್ತದಾ? ಸಾರ್ ಬಂದಾಗ ಮನೆಮನೇಲೂ ಒಂದಿಷ್ಟು ಬಡಿಸ್ತೀವಿ. ಪಾಪ, ಒಂದ್ ದಿನಾನೂ ಬೇಡ ಅಂದೋರಲ್ಲ. ನಮ್ ಬೀದೀದು ಮುಗೀತಾ ಬಂತು. ಇದೊಂದು ಭರಣಿ ಉಳೀತು, ಮನೇಲೇ ತಿನ್ಲಿ ಅಂತ ತಂದೆ."

ಮಾತು ನಿಜ. ತಮ್ಮ ಮನೆಯಲ್ಲಿ ಎರಡು ತುತ್ತು ತಿಂದು ಕೈತೊಳೆಯದ ಮನುಷ್ಯನ ಬಿ.ಪಿ. ಪಟ್ಟಿಗೆ ಆ ಊರಿನವರು ತೋಳು ಚಾಚುವುದಿಲ್ಲ. ಆದ್ದರಿಂದ ಕಾಂತರಾಜ್ ಪ್ರತಿ ಮನೆಯಲ್ಲೂ ಕೈತೊಳೆಯುತ್ತಿದ್ದ. ಅದನ್ನು ತಿನ್ನುವುದೆಂದು ಅವನು ಎಣಿಸಿಯೇ ಇರಲಿಲ್ಲ. ಅದು ಫೀಲ್ಡ್ ವರ್ಕ್. ಹೀಗೆ ಒಂದಿಡೀ ಊರು ತ್ಯಜಿಸಿದ ಉಪ್ಪು ಒಬ್ಬನೇ ಮನುಷ್ಯನಲ್ಲಿ ಬಂದು ಶೇಖರವಾಗಿತ್ತು. ಸಂಶೋಧನೆಯ ಮಟ್ಟಿಗೆ ಇದು ಅಭೂತಪೂರ್ವ ಯಶಸ್ಸು.

ಗಂಗಾಲಕ್ಷ್ಮಿ ಗಂಡನ ಮುಂದೆ ಅಂಗೈ ಚಾಚಿದಳು. ಬೀಗದ ಕೈ ಅಲ್ಲಿಗೆ ಹೋಯಿತು. ಆಮೇಲೆ ಅವಳು ಶ್ವೇತಳ ಕಡೆ ತಿರುಗಿ, ಹೊರಗಡೆ ತಿನ್ನುವ ವಿಷಯ ನೀವು ಇವರನ್ನು ಕೇಳಿರಲಿಲ್ಲವೇ ಎಂದು ವಿಚಾರಿಸಿದಳು.

ಶ್ವೇತ ನೆಲ ನೋಡಿದಳು. ಕೇಳಿದ್ದಳು. ಕ್ಯಾನು ತಂದುಕೊಟ್ಟ ದಿನ, ಇದೇ ಜಗಲಿಯ ಮೇಲೆ, ವಾರಕ್ಕೆ ಎಷ್ಟು ಸಲ ಹೊರಗೆ ತಿನ್ನುತ್ತೀರಿ ಎಂದು. ಕಾಂತರಾಜ್ ಅಂದು ಗಂಟಲು ಸರಿಮಾಡಿಕೊಂಡು, ಅಡುಗೆಮನೆಗೂ ಕೇಳುವ ಹಾಗೆ, ಸ್ಪಷ್ಟವಾಗಿ ಹೇಳಿದ್ದ:

"ಸೊನ್ನೆ."