ನೆಲಗುಬ್ಬಿಯ ಗೂಡು ಕಂಡವನು

"ನಿನ್ನ ಮುಖದಲ್ಲಿರೋದು ಕಣ್ಣಲ್ಲ ಕಣೋ, ಉಣ್ಣಿ ಕಚ್ಚಿದ ತೂತು," ಅಂದ ಹಲಾಕೆ, ಬಾವಿಯ ಬಳಿ ದನಕ್ಕೆ ನೀರು ಕುಡಿಸಲು ನಿಂತಿದ್ದ ಅಷ್ಟೂ ಜನರ ಮುಂದೆ. "ಹುಲ್ಲಲ್ಲಿ ಕರು ಕಳೆದವನು ನನ್ನ ಮಗಳನ್ನೂ ಕಳೀತಾನೆ."

ಬೊನಾಯ ಹಲಾಕೆಯ ಮಗಳು ಎಲೆಮಳನ್ನು ಮದುವೆಗೆ ಕೇಳಲು ಬಂದಿದ್ದ. ಕರು ಕಳೆದದ್ದು ನಿಜ, ಕತ್ತೆಕಿರುಬ ತಿಂದಿತ್ತು. ಜನ ನಕ್ಕರು. ನಗದೆ ನಿಂತವಳು ಎಲೆಮ ಒಬ್ಬಳೇ, ಅದು ನಗುವಿಗಿಂತ ಹೆಚ್ಚು ಚುಚ್ಚಿತು.

ಹಲಾಕೆ ಸವಾಲು ಹಾಕಿದ. ತನ್ನ ದನಗಳು ನೀರು ಕುಡಿದು ಲಿಬೆನ್ ಬಯಲಿಗೆ ಮರಳುವುದರೊಳಗೆ ಅಲ್ಲಿ ನೆಲಗುಬ್ಬಿಯ ಗೂಡು ಹುಡುಕಿ ತೋರಿಸಲಿ, ಆಮೇಲೆ ಮದುವೆ ಮಾತಾಡೋಣ. ಆ ಗೂಡು ಕಂಡವರೇ ಇಲ್ಲ ಅನ್ನಬೇಕು. ಹಕ್ಕಿ ಇಳಿಯುವುದು ಒಂದು ಕಡೆ, ಹುಲ್ಲಿನೊಳಗೆ ಕಳ್ಳನಂತೆ ಓಡಿ ಗೂಡು ಸೇರುವುದು ಇನ್ನೊಂದು ಕಡೆ.

ಬೊನಾಯ ಅದು ಇಳಿದಲ್ಲೆಲ್ಲ ಓಡಿದ. ಸಿಕ್ಕಿದ್ದು ಸಗಣಿ. ಕೊನೆಗೆ ಬೋರಲು ಮಲಗಿ, ಕೆನ್ನೆ ನೆಲಕ್ಕೊತ್ತಿ, ಉಸಿರು ಬಿಗಿಹಿಡಿದ. ಹಕ್ಕಿ ಹುಲ್ಲಿನ ಬುಡದಲ್ಲಿ ಓಡುತ್ತ ಹತ್ತಿರ ಬಂತು. ಇನ್ನೇನು ಗೂಡು ತಿಳಿಯಬೇಕು, ಅಷ್ಟರಲ್ಲಿ ಸೌದೆ ಹೊತ್ತು ಬಂದ ಕಬಲೆಜ್ಜಿಗೆ ಅವನು ಹೆಣವಾಗಿ ಕಂಡ.

ಅವಳ ಕೂಗಿಗೆ ಅಕ್ಕಪಕ್ಕದ ಗುಡಿಸಲಿನವರೆಲ್ಲ ಓಡಿಬಂದರು. ಒಬ್ಬ ಹಾವು ಅಂದ, ಒಬ್ಬಳು ಬಿಸಿಲು ಅಂದಳು. ಬದುಕಿದ್ದೇನೆ, ಹೋಗಿ ಎಂದು ಬೊನಾಯ ಹಲ್ಲು ಕಚ್ಚಿ ಪಿಸುಗುಟ್ಟಿದ. ಸನ್ನಿ ಹಿಡಿದಿದೆ ಎಂದು ಅಜ್ಜಿ ಅವನ ಬಾಯಿ ಬಿಡಿಸಿ ಹುಳಿಹಾಲು ಸುರಿದಳು. ಹಕ್ಕಿ ಹಾರಿಹೋಯಿತು. ಬಾವಿಯ ಕಡೆ ಧೂಳೆದ್ದಿತು. ದನಗಳು ಹೊರಟಿದ್ದವು.

ಅವರನ್ನೆಲ್ಲ ಅಟ್ಟಿ ಮತ್ತೆ ಮಲಗಿದ. ಗೊರಸಿನ ಸದ್ದಿಗೆ ನೆಲ ಅದುರುತ್ತಿತ್ತು. ಹಕ್ಕಿ ಇಳಿಯಿತು, ಓಡಿತು, ಒಂದು ಹುಲ್ಲಿನ ಬುಡದಲ್ಲಿ ಮಾಯವಾಯಿತು. ತೆವಳಿ ಹೋಗಿ ನೋಡಿದರೆ ಅಂಗೈಯಷ್ಟು ಗುಂಡಿಯಲ್ಲಿ ಮಚ್ಚೆ ಮಚ್ಚೆಯ ಮೊಟ್ಟೆಗಳು. ತಲೆ ಎತ್ತಿದರೆ ಹೋರಿ. ಗೂಡಿನ ಮೇಲೆ ಕಾಲಗಲಿಸಿ ನಿಂತು ಅದರ ಕೊಂಬು ಹಿಡಿದ. ಅದು ಅವನನ್ನು ಒಗೆದ ಬಟ್ಟೆಯಂತೆ ಕೊಡವಿತು. ಅವನು ಬಿಡಲಿಲ್ಲ. ಕೊನೆಗೆ ಹೋರಿಯೇ ಪಕ್ಕಕ್ಕೆ ಸರಿಯಿತು, ಮಂದೆ ಸೀಳಿಕೊಂಡು ಎರಡೂ ಬದಿಯಿಂದ ಹಾದುಹೋಯಿತು.

ಮಂದೆಯ ಹಿಂದೆಯೇ ಜನರೊಡನೆ ಬಂದ ಹಲಾಕೆ ಮಂಡಿಯೂರಿ ಮೊಟ್ಟೆ ನೋಡಿದ. ಎದ್ದು ಬೊನಾಯನ ಬೆನ್ನು ತಟ್ಟಿದ. ಇಂಥ ಕಣ್ಣು ಈ ಸೀಮೆಯಲ್ಲೇ ಇಲ್ಲ, ತನ್ನ ಕರು ಕಾಯಲು ಇಂಥವನೇ ಬೇಕಿತ್ತು ಅಂದ.

ಬೊನಾಯ ಮೆಲ್ಲಗೆ ಎಲೆಮಳ ಹೆಸರೆತ್ತಿದ.

"ಅದೇ ತೊಡಕು ಮಗಾ. ಅಳಿಯ ಅಂದ್ರೆ ಹಾಲು ಕೊಟ್ಟು ಕೂರಿಸ್ಬೇಕು, ಮರ್ಯಾದೆ ಕೊಡ್ಬೇಕು. ಅವನಿಗೆ 'ಏಯ್, ಕರು ಹೊಡ್ಕೊಂಡು ಹೋಗು' ಅನ್ನೋಕಾಗುತ್ತಾ? ಅವಳನ್ನ ಸೋರನ ಮಗನಿಗೆ ಕೊಡ್ತೀನಿ. ಅವನು ಯಾವ ಕೆಲಸಕ್ಕೂ ಬಾರದೋನು, ಅಳಿಯನಾಗೋಕೆ ಲಾಯಕ್ಕು. ನೀನು ಬೆಳಿಗ್ಗೆ ಬೇಗ ಬಾ."

ಎಲ್ಲರೂ ಬೊನಾಯನ ಬಾಯಿ ನೋಡುತ್ತ ನಿಂತರು. ಅವನು ಮೊಟ್ಟೆಗೆ ತಾಗದಂತೆ ಕಾಲೆತ್ತಿ ಆಚೆ ಇಟ್ಟ. ಹಲಾಕೆಯ ಮಂದೆಗೆ ಬೆನ್ನು ಹಾಕಿ ನಡೆದುಬಿಟ್ಟ.