ಕಪ್ಪು ತಂತಿ ಮತ್ತು ಆರು ಕುರ್ಚಿಗಳು

ನನ್ನ ಹೆಂಡತಿ ಆರ್ಡಿತ್ ಮೂವತ್ತೊಂದು ವರ್ಷ ಗ್ರಂಥಾಲಯದಲ್ಲಿ ಕೆಲಸ ಮಾಡಿದವಳು. ಅಚ್ಚಾದದ್ದು ಕಣ್ಣಿಗೆ ಬಿದ್ದರೆ ಓದದೆ ಬಿಡುವವಳಲ್ಲ. ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಮೊದಲಿನಿಂದ ಕೊನೆಯವರೆಗೆ ಓದುತ್ತಾಳೆ, ಓದಿ ನನಗೂ ಹೇಳುತ್ತಾಳೆ. ನಾನಾದರೋ ನೆಬ್ರಾಸ್ಕಾದಲ್ಲಿ ನಲವತ್ತು ವರ್ಷ ಟ್ರಾಕ್ಟರ್ ರಿಪೇರಿ ಮಾಡಿದವನು. ಯಂತ್ರದ ಜೊತೆ ಬರುವ ಕೈಪಿಡಿಯನ್ನು ನಾನು ಬಳಸುವುದು ಒಂದೇ ಕೆಲಸಕ್ಕೆ, ಮಂಡಿಯೂರುವಾಗ ಮಂಡಿಯ ಕೆಳಗೆ ಹಾಸಿಕೊಳ್ಳಲು. ಇಂಥ ಇಬ್ಬರನ್ನು ಇಪ್ಪತ್ತೇಳು ಅಡಿ ಉದ್ದದ ಮನೆಗಾಡಿಯೊಳಗೆ ಇಟ್ಟು ಬಾಗಿಲು ಹಾಕಿದರೆ ಏನಾಗುತ್ತದೆಂದು ನೀವೇ ಊಹಿಸಿ.

ಮನೆಗಾಡಿ ಎಂದರೆ ನಮ್ಮ ಪಿಕಪ್ಪಿನ ಬಾಲಕ್ಕೆ ಕಟ್ಟಿಕೊಂಡು ಬರುವ ಮನೆ. ಊರಲ್ಲಿ ಹಿಮ ಬೀಳತೊಡಗಿದ ಕೂಡಲೇ ಅದನ್ನು ಎಳೆದುಕೊಂಡು ಅರಿಜೋನಾದ ಮರುಭೂಮಿಯಲ್ಲಿ ಇಂಥ ಗಾಡಿಗಳೇ ನಿಲ್ಲುವ ಬಿಡಾರಕ್ಕೆ ಬಂದುಬಿಡುತ್ತೇವೆ. ಗಾಡಿಗೆ ಮೂವತ್ತು ವರ್ಷ ವಯಸ್ಸು. ನನಗೆ ಅದರ ಮೇಲೆ ಪ್ರಾಣ. ಆರ್ಡಿತ್‌ಗೆ ಲಿಂಕನ್ ಪಟ್ಟಣದಲ್ಲಿರುವ ತಂಗಿ ಲಿಯೋಟಾಳ ಪಕ್ಕದ ಫ್ಲಾಟಿನ ಮೇಲೆ ಪ್ರಾಣ. ಆ ಫ್ಲಾಟಿನಲ್ಲಿ ಪಾತ್ರೆ ತೊಳೆಯುತ್ತ ನಿಂತವರು ಹಿಂದಕ್ಕೆ ತಿರುಗಿದರೆ ಮಂಚ ಮೊಣಕಾಲಿಗೆ ಬಡಿಯುವುದಿಲ್ಲವಂತೆ. (ಬಡಿಯದ ಮಂಚ ಯಾರಿಗೆ ಬೇಕು ಎಂದು ನಾನು ಒಮ್ಮೆ ಕೇಳಿದ್ದೆ. ಆ ವಾರ ನಾನು ಪಿಕಪ್ಪಿನಲ್ಲಿ ಮಲಗಿದೆ.)

ಈ ಜನವರಿಯಲ್ಲಿ ಗಾಡಿಯ ದೀಪಗಳು ಮಿಣುಕು ಹುಳುಗಳಾದವು. ನೀರಿನ ಪಂಪು ಕೆಮ್ಮತೊಡಗಿತು. ಹೀಟರಿನ ಫ್ಯಾನು ಎರಡು ಸುತ್ತು ಸುತ್ತಿ ಯೋಚನೆಗೆ ಕೂತಿತು. ರೋಗದ ಮೂಲ ನನಗೆ ಕೂಡಲೇ ತಿಳಿಯಿತು, ಕನ್ವರ್ಟರ್. ಬಿಡಾರದ ಕಂಬದಿಂದ ಬರುವ ಖಾರದ ಕರೆಂಟನ್ನು ಸಪ್ಪೆ ಮಾಡಿ ದೀಪ, ಪಂಪು, ಫ್ಯಾನುಗಳಿಗೆ ಉಣಿಸಿ, ಮಿಕ್ಕಿದ್ದನ್ನು ಬ್ಯಾಟರಿಗೆ ತುಂಬುವ ಪೆಟ್ಟಿಗೆ ಅದು. ಮೂವತ್ತು ವರ್ಷ ಮಂಚದ ಕೆಳಗೆ ಗುಂಯ್ ಎನ್ನುತ್ತಿದ್ದದ್ದು ಈಗ ಮೌನವ್ರತ ಹಿಡಿದಿತ್ತು. ಹೊಸದನ್ನು ತರಿಸಿದೆ.

ಶನಿವಾರದ ಸಂಜೆ ಬಿಡಾರದವರೆಲ್ಲ ಒಬ್ಬರ ಗಾಡಿಯಲ್ಲಿ ಸೇರಿ, ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಊಟ ಮಾಡುವುದು ನಮ್ಮ ರೂಢಿ. ಈ ಶನಿವಾರ ಸರದಿ ನಮ್ಮದು. ಆರ್ಡಿತ್ ಒಂದು ರಟ್ಟಿನ ಹಲಗೆ ತಂದು, ದಪ್ಪ ಅಕ್ಷರದಲ್ಲಿ ‘ಮಾರಾಟಕ್ಕಿದೆ’ ಎಂದು ಬರೆದು, ನನ್ನ ಕಣ್ಣೆದುರೇ ಬೀರುವಿನಲ್ಲಿಟ್ಟಳು.

“ಶನಿವಾರ ಊಟದ ಹೊತ್ತಿಗೆ ದೀಪ ಉರಿದ್ರೆ ಗಾಡಿ ನಿಂದು,” ಎಂದಳು. “ಉರೀಲಿಲ್ಲ ಅಂದ್ರೆ ಈ ಹಲಗೆ ಕಿಟಕೀಲಿರತ್ತೆ. ಕತ್ತಲಲ್ಲಿ ಹುರುಳಿಕಾಯಿ ಬಡಿಸಿ ನಗೆಪಾಟಲಾಗೋಕೆ ನನ್ನಿಂದಾಗಲ್ಲ.”

ಒಪ್ಪಿಕೊಂಡೆ. ಒಪ್ಪದೆ ಉಳಿದವರುಂಟೇ?

ಶನಿವಾರ ಬೆಳಿಗ್ಗೆ ಮಂಚದ ಹಲಗೆ ಎತ್ತಿ, ಹೊರಗಿನಿಂದ ಅದೇ ಜಾಗಕ್ಕೆ ಕೈಹಾಕಲು ಗಾಡಿಯ ಪಕ್ಕೆಯಲ್ಲಿರುವ ಕವಾಟ ತೆರೆದು, ಸಲಕರಣೆ ಪೆಟ್ಟಿಗೆ ಹೊರಗಿಟ್ಟೆ. ಅಷ್ಟೇ. ಈ ಬಿಡಾರದಲ್ಲಿ ಯಾರಾದರೂ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡರೆ ಆ ವಾಸನೆ ಗಾಳಿಯಲ್ಲೇ ಹಬ್ಬುತ್ತದೆ. ಐದು ನಿಮಿಷದಲ್ಲಿ ಆರು ಮಂದಿ ನಿವೃತ್ತ ಮಹನೀಯರು ಮಡಚುವ ಕುರ್ಚಿ, ಕಾಫಿ ಲೋಟ ಸಮೇತ ಬಂದು ಕವಾಟದ ಸುತ್ತ ಅರ್ಧಚಂದ್ರಾಕಾರವಾಗಿ ವಿರಾಜಮಾನರಾದರು. ಕೈ ಹಚ್ಚುವವರು ಒಬ್ಬರೂ ಇಲ್ಲ. ಅವರೆಲ್ಲ ಸಲಹಾ ಮಂಡಳಿ. ಅಧ್ಯಕ್ಷ ನಮ್ಮ ಪಕ್ಕದ ಗಾಡಿಯ ವೆಂಡೆಲ್, ಮಿನೆಸೋಟಾದ ನಿವೃತ್ತ ದಂತವೈದ್ಯ. ಹಳೆಯ ಕನ್ವರ್ಟರನ್ನು ನೋಡಿದವನೇ, ಇದನ್ನು ಬೇರುಸಮೇತ ಕೀಳಬೇಕು, ಅಲ್ಲಾಡಿಸಬಾರದು ಎಂದು ತೀರ್ಪು ಕೊಟ್ಟ.

ಕಂಬದ ಕೇಬಲ್ ಕಿತ್ತೆ, ಬ್ಯಾಟರಿಯ ತಂತಿ ಬಿಚ್ಚಿದೆ. ಅಷ್ಟರಲ್ಲಿ ಆರ್ಡಿತ್ ಕಿಟಕಿಯಿಂದ ಇಣುಕಿದಳು.

“ಕೀಳೋಕೆ ಮುಂಚೆ ಒಂದು ಫೋಟೋ ತೆಕ್ಕೊ ಗೇಲನ್. ಯಾವ ತಂತಿ ಎಲ್ಲಿತ್ತು ಅಂತ ಗೊತ್ತಿರತ್ತೆ.”

“ಎಲ್ಲಾ ನನ್ನ ತಲೇಲಿದೆ.”

“ಅದಕ್ಕೇ ಹೇಳಿದ್ದು.”

ಮಂಡಳಿ ಕಾಫಿ ಲೋಟದೊಳಗೆ ನಕ್ಕಿತು. ನಾನು ಕೇಳದವನಂತೆ ಹೊಸ ಪೆಟ್ಟಿಗೆಯ ಕೈಪಿಡಿಯನ್ನು ಮಂಡಿಯ ಕೆಳಗೆ ಹಾಸಿಕೊಂಡು ಒಳಗೆ ತಲೆ ತೂರಿಸಿದೆ. ಹಳೆಯದನ್ನು ಕಿತ್ತು ಹೊರಗಿಡಲು ಒಂದು ಗಂಟೆ, ಬೆರಳಿನ ಚರ್ಮ ಒಂದಿಷ್ಟು, ನನ್ನ ಬಾಯಿಂದ ಎಂದೂ ಬರಬಾರದ ಕೆಲವು ಮಾತುಗಳು ಖರ್ಚಾದವು. ಹೊಸದನ್ನು ಕೂರಿಸಿದೆ. ಬ್ಯಾಟರಿ ಕಡೆಯಿಂದ ಬಂದ ಎರಡು ದಪ್ಪ ತಂತಿ ಮಿಕ್ಕವು, ಒಂದು ಕಪ್ಪು, ಇನ್ನೊಂದು ಬಿಳಿ. ಟ್ರಾಕ್ಟರಿನಲ್ಲಿ ಕಪ್ಪು ಎಂದರೆ ಮೈನಸ್. ನಲವತ್ತು ವರ್ಷದಲ್ಲಿ ಒಂದು ದಿನವೂ ಕಪ್ಪು ಪ್ಲಸ್ ಆದದ್ದಿಲ್ಲ. ಅದೇ ಧೈರ್ಯದಲ್ಲಿ ಕಪ್ಪನ್ನು ಮೈನಸ್ಸಿಗೆ, ಬಿಳಿಯನ್ನು ಪ್ಲಸ್ಸಿಗೆ ಬಿಗಿದೆ. ಮಂಡಳಿಯೂ ಒಮ್ಮತದಿಂದ ಅನುಮೋದಿಸಿತು.

ಬ್ಯಾಟರಿಯ ತಂತಿ ಮುಟ್ಟಿಸಿದೆ. ಚಟ್ ಎಂದು ಕಿಡಿ ಹಾರಿತು. ಕನ್ವರ್ಟರಿನ ಒಳಗೆ ಏನೋ ಟಪ್ ಎಂದಿತು. ಆರು ಕುರ್ಚಿಗಳು ಒಟ್ಟಿಗೆ ಎರಡು ಅಡಿ ಹಿಂದಕ್ಕೆ ಸರಿದವು. ಕಂಬದ ಕೇಬಲ್ ಸಿಕ್ಕಿಸಿ ನೋಡಿದರೆ ಮಿಣುಕು ಹುಳುವೂ ಇಲ್ಲ.

ಸುಟ್ಟದ್ದನ್ನೇ ಕಳಿಸಿದ್ದಾರೆ ಎಂದು ವೆಂಡೆಲ್ ಘೋಷಿಸಿದ. ಈಗಿನ ಕಾಲದ ಸಾಮಾನೇ ಹೀಗೆ ಎಂದು ಇನ್ನೊಬ್ಬರು ನಿಟ್ಟುಸಿರಿಟ್ಟರು. ನಾನೂ ತಲೆಯಾಡಿಸಿದೆ. ಮಧ್ಯಾಹ್ನ ಮೂರಾಗಿತ್ತು. ಬೀರುವಿನ ಹಲಗೆ ಕಣ್ಣಮುಂದೆ ಬಂತು. ಹನ್ನೊಂದು ಚಳಿಗಾಲ ನಮ್ಮನ್ನು ಬೆಚ್ಚಗಿಟ್ಟ ಗಾಡಿಯನ್ನು ಯಾರೋ ಅಪರಿಚಿತರು ಎಳೆದುಕೊಂಡು ಹೋಗುವುದನ್ನು ನೆನೆದು, ನಾಚಿಕೆಯಿಲ್ಲದೆ ಹೇಳುತ್ತೇನೆ, ಕಣ್ಣು ತೇವವಾಯಿತು. ಮಂಡಳಿ ಮೆಲ್ಲಗೆ ಕುರ್ಚಿ ಮಡಚಿತು. ಸೋತವನ ಮನೆಯ ಮುಂದೆ ಯಾರೂ ಕೂರುವುದಿಲ್ಲ.

ಆಗ ಆರ್ಡಿತ್ ಇಳಿದು ಬಂದಳು. ಚೆರ್ರಿ ಕಡುಬಿಗೆ ಹಿಟ್ಟು ನಾದುತ್ತಿದ್ದ ಕೈ ಒರೆಸಿಕೊಂಡು, “ಮಂಡಿ ಎತ್ತು,” ಎಂದಳು. ಎತ್ತಿದೆ. ಕೆಳಗಿದ್ದ ಕೈಪಿಡಿಯನ್ನು ಎಳೆದುಕೊಂಡು, ನನ್ನ ಖಾಲಿ ಕುರ್ಚಿಯಲ್ಲಿ ಕೂತು, ಮೊದಲ ಪುಟದಿಂದ ಓದಿದಳು. ಕಂಪನಿಯ ವಿಳಾಸವನ್ನೂ ಬಿಡಲಿಲ್ಲ. ಒಂಬತ್ತನೇ ಪುಟಕ್ಕೆ ಬಂದು ಕನ್ನಡಕ ಸರಿಮಾಡಿಕೊಂಡಳು.

“ಮನೆಗಾಡೀಲಿ ಕಪ್ಪು ತಂತಿ ಪ್ಲಸ್ ಇರತ್ತಂತೆ. ಬಿಳೀದು ಮೈನಸ್. ಅದಲುಬದಲು ಮಾಡಿದ್ರೆ ಈ ಎರಡು ಫ್ಯೂಸ್ ಹೋಗತ್ತಂತೆ. ಇಲ್ನೋಡು, ದಪ್ಪಕ್ಷರದಲ್ಲೇ ಹಾಕಿದಾರೆ.” ಹಾಗೆಂದು ಖಾಲಿ ರಟ್ಟಿನ ಡಬ್ಬವನ್ನು ಅಲ್ಲಾಡಿಸಿದಳು. ಸಣ್ಣ ಪೊಟ್ಟಣವೊಂದು ಕೈಗೆ ಬಿತ್ತು. “ಎರಡು ಫ್ಯೂಸ್ ಬಿಡಿಯಾಗಿ ಇಟ್ಟೂ ಇದಾರೆ. ನಿನ್ನಂಥೋರು ಲೋಕದಲ್ಲಿದಾರೆ ಅಂತ ಅವರಿಗೆ ಮೊದಲೇ ಗೊತ್ತಿತ್ತು ನೋಡು.”

ಟ್ರಾಕ್ಟರಿನ ವಿಷಯ ಎತ್ತಲು ಬಾಯಿ ತೆರೆದೆ. ಅವಳು ನೋಡಿದ ನೋಟಕ್ಕೆ ಮುಚ್ಚಿದೆ. ಕೇಬಲ್, ಬ್ಯಾಟರಿ ಎರಡನ್ನೂ ನನ್ನ ಕೈಯಲ್ಲಿ ಬಿಚ್ಚಿಸಿ, ಫ್ಯೂಸ್ ಬದಲಿಸಿ, ತಂತಿಗಳನ್ನು ತಾನೇ ಅದಲುಬದಲು ಮಾಡಿ ಬಿಗಿದಳು. ನಾನು ಟಾರ್ಚ್ ಹಿಡಿದೆ. (ಸರಿಯಾಗಿ ಹಿಡಿಯಲಿಲ್ಲವಂತೆ.) ಕೇಬಲ್ ಸಿಕ್ಕಿಸಿದ್ದೇ ತಡ, ಗಾಡಿಯ ಅಷ್ಟೂ ದೀಪಗಳು ಝಗ್ಗೆಂದವು. ನಮ್ಮ ಪರದೆಯ ಬಣ್ಣ ಹಸಿರು ಎಂಬುದು ಅಂದೇ ನನಗೆ ಗೊತ್ತಾದದ್ದು.

ಊಟ ಅದ್ದೂರಿಯಾಗಿ ನಡೆಯಿತು. ಹೀಟರ್ ಬೆಚ್ಚಗೆ ಊದಿತು. ನಾನು ಎರಡು ತುಂಡು ಚೆರ್ರಿ ಕಡುಬು ತಿಂದು, ಗಾಡಿ ಉಳಿಯಿತು ಎಂಬ ನೆಮ್ಮದಿಯಲ್ಲಿ ನಿದ್ದೆಹೋದೆ.

ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ಬಂದರೆ ಕಿಟಕಿಯಲ್ಲಿ ಹಲಗೆ. ದಪ್ಪ ಅಕ್ಷರದಲ್ಲಿ ‘ಮಾರಾಟಕ್ಕಿದೆ’. ಮಾತಿಗೆ ತಪ್ಪಿದಳಲ್ಲ ಎಂದು ಹತ್ತಿರ ಹೋಗಿ ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಇತ್ತು: ‘ಗಾಡಿಯಲ್ಲ. ಸಲಕರಣೆ ಪೆಟ್ಟಿಗೆ. ಮಾಲೀಕರು ಟ್ರಾಕ್ಟರಿಗೆ ಮಾತ್ರ ಬಳಸಿದ್ದು.’

ಹಲಗೆ ಕೀಳಬೇಕೆನ್ನುವಷ್ಟರಲ್ಲಿ ವೆಂಡೆಲ್ ಬಂದ. ಪೆಟ್ಟಿಗೆ ಕೊಳ್ಳಲು ಬಂದನೆಂದುಕೊಂಡೆ.

“ನಮ್ಮ ಗಾಡಿ ದೀಪಾನೂ ಮಂಕಾಗಿದೆ ಮಾರಾಯ,” ಎಂದು ಟೋಪಿ ತೆಗೆದ. ನಾನು ಅಂಗಿಯ ತೋಳು ಮಡಚಿದೆ. “ನೀನಲ್ಲ,” ಎಂದ. “ಆರ್ಡಿತ್ ಇದಾರಾ?”

ಅವಳು ಕನ್ನಡಕ ಹಾಕಿಕೊಂಡೇ ಹೊರಗೆ ಬಂದಳು. ಹಲಗೆ ಕಿತ್ತಳು, ನನ್ನ ಸಲಕರಣೆ ಪೆಟ್ಟಿಗೆ ಎತ್ತಿಕೊಂಡಳು, ವೆಂಡೆಲನ ಕೈಪಿಡಿ ಎಲ್ಲಿದೆ ಎಂದು ವಿಚಾರಿಸುತ್ತ ನಡೆದಳು. ಆಗಲೇ ಅವನ ಗಾಡಿಯ ಮುಂದೆ ಐದು ಕುರ್ಚಿ ಬಿಚ್ಚಿಕೊಂಡಿದ್ದವು. ವೆಂಡೆಲನಿಗಂತೂ ತನ್ನ ಗಾಡಿಯ ಚಿಂತೆ, ಮಂಡಳಿಗೆ ಅಧ್ಯಕ್ಷರಿಲ್ಲ. ಅರ್ಧ ದಾರಿಯಲ್ಲಿ ಆರ್ಡಿತ್ ತಿರುಗಿ ನೋಡಿದಳು.

“ಸುಮ್ನೆ ಯಾಕೆ ನಿಂತಿದೀಯ? ನಿನ್ನ ಕುರ್ಚಿ ತಗೊಂಡು ಬಾ.”

ತೆಗೆದುಕೊಂಡು ಹೋದೆ. ಕಪ್ಪು ತಂತಿಯ ವಿಷಯದಲ್ಲಿ ಹುಷಾರಾಗಿರಬೇಕು ಎಂದು ಮಂಡಳಿಗೆಲ್ಲ ವಿವರವಾಗಿ ತಿಳಿಸಿಕೊಟ್ಟೆ.